ಹೊಸ ಬಟನ್ ಆಮೇಲೆ, ಮೊದಲು ಹೆಸರು ಹೇಳುವವರು

ಗಿಡ, ಹಕ್ಕಿ, ಹುಳ, ಅಣಬೆ ಅಂತ ಕಂಡದ್ದನ್ನೆಲ್ಲ ಫೋಟೋ ತೆಗೆದು ಒಂದು ಕಡೆ ಹಾಕಿ, ಒಬ್ಬರಿಗೊಬ್ಬರು ಹೆಸರು ಹೇಳಿಕೊಡುವ ಆನ್‌ಲೈನ್ ಸಮುದಾಯಗಳ ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ನಡೆಸುವವರೂ ಬರೆದಿದ್ದಾರೆ, ಫೋಟೋ ಹಾಕುವವರೂ ಬರೆದಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ಕೆಲವು ಸ್ವಯಂಸೇವಕರು ಸೇರಿ ಇಂಥ ಒಂದು ಸಮುದಾಯ ನಡೆಸುತ್ತಿದ್ದೇವೆ. ಮುಂದಿನ ವರ್ಷ ಏನೇನು ಸುಧಾರಿಸಬೇಕು ಅಂತ ಸದಸ್ಯರನ್ನು ಕೇಳಿದೆವು. ಬೇಡಿಕೆಗಳ ಪಟ್ಟಿ ಬೆಳೆಯುತ್ತಲೇ ಇದೆ. ಎಲ್ಲಿಂದ ಶುರು ಮಾಡೋಣ?

ಉತ್ತರ: ಪಟ್ಟಿಯನ್ನು ಸ್ವಲ್ಪ ಪಕ್ಕಕ್ಕಿಡಿ. ಮೊದಲು ನಿಮ್ಮಲ್ಲಿ ಬಂದ ಒಂದು ಫೋಟೋ ಹಿಡಿದು ಅದರ ಹಿಂದೆಯೇ ಹೋಗಿ. ಯಾರೋ ಹಾಕಿದರು. ಮೊದಲ ಹೆಸರು ಯಾವಾಗ ಬಂತು? ಎರಡನೆಯವರು ಯಾವಾಗ ಒಪ್ಪಿದರು? ಯಾರೂ ನೋಡದೇ ಉಳಿದಿದ್ದರೆ ಯಾಕೆ ಉಳಿಯಿತು? ಹೀಗೆ ಒಂದಷ್ಟು ಫೋಟೋಗಳ ಜಾಡು ಹಿಡಿದರೆ ಎಲ್ಲಿ ಕಟ್ಟಿಕೊಂಡಿದೆ ಅನ್ನೋದು ನಿಮಗೇ ಕಾಣುತ್ತದೆ. ಹೆಚ್ಚಿನ ಸಮುದಾಯಗಳಲ್ಲಿ ಅದು ಕಟ್ಟಿಕೊಳ್ಳುವುದು ಒಂದೇ ಜಾಗದಲ್ಲಿ. ಫೋಟೋ ಹಾಕುವವರು ಬಹಳ, ಹೆಸರು ಹೇಳಬಲ್ಲವರು ಕೆಲವೇ ಜನ. ಅವರ ಸಮಯವೇ ನಿಮ್ಮ ಹತ್ತಿರ ಇರುವ ಅತಿ ದೊಡ್ಡ ಆಸ್ತಿ. ಆದರೆ ಬೇಡಿಕೆಗಳ ಪಟ್ಟಿಯಲ್ಲಿ ಅವರ ಮಾತು ಬಹಳ ಕಡಿಮೆ ಇರುತ್ತದೆ, ಯಾಕೆಂದರೆ ಸಮೀಕ್ಷೆಗೆ ಉತ್ತರಿಸುವವರಲ್ಲೂ ಫೋಟೋ ಹಾಕುವವರೇ ಜಾಸ್ತಿ ಅಲ್ವಾ.

ಹಾಗಾಗಿ ಪಟ್ಟಿಯ ಒಂದೊಂದು ಬೇಡಿಕೆಯ ಮುಂದೆಯೂ ಈ ಪ್ರಶ್ನೆ ಇಡಿ: ಇದರಿಂದ ಹೆಸರು ಹೇಳುವವರ ಕೆಲಸ ಕಡಿಮೆಯಾಗುತ್ತದೋ ಜಾಸ್ತಿಯಾಗುತ್ತದೋ? ಕಡಿಮೆ ಮಾಡುವಂಥದ್ದು ಮೊದಲು ಬರಲಿ.

ಒಂದು ಉದಾಹರಣೆ ಕೊಡುತ್ತೇನೆ. ಅಣಬೆಯ ಫೋಟೋ ತೆಗೆಯುವವರು ಸಾಮಾನ್ಯವಾಗಿ ನಿಂತಲ್ಲಿಂದಲೇ, ಮೇಲಿನಿಂದ, ಒಂದು ಫೋಟೋ ತೆಗೆಯುತ್ತಾರೆ. ಕೊಡೆಯ ಮೇಲ್ಭಾಗ ಮಾತ್ರ ಕಾಣುತ್ತದೆ. ಗುರುತಿಸುವವರಿಗೆ ಬೇಕಾದ್ದು ಅದರ ಅಡಿಭಾಗ. ಅಲ್ಲಿ ತೆಳುವಾದ ಪದರಗಳಿವೆಯೋ, ಸಣ್ಣ ರಂಧ್ರಗಳಿವೆಯೋ? ಕಾಂಡಕ್ಕೆ ಉಂಗುರ ಇದೆಯೋ? ಬುಡ ಉಬ್ಬಿದೆಯೋ? ಮಣ್ಣಿನಲ್ಲಿ ಬೆಳೆದಿದೆಯೋ, ಮರದ ತುಂಡಿನ ಮೇಲೋ? ಇದ್ಯಾವುದೂ ಇಲ್ಲದಿದ್ದರೆ ಎಷ್ಟು ದೊಡ್ಡ ತಜ್ಞರಾದರೂ ಪ್ರಭೇದದ ತನಕ ಹೋಗಲಾರರು. ಗಿಡಕ್ಕೂ ಇದೇ ಮಾತು. ಹೂವಿನ ಕ್ಲೋಸಪ್ ಒಂದೇ ಇರುತ್ತದೆ. ಎಲೆ ಕಾಂಡಕ್ಕೆ ಅಂಟಿಕೊಂಡಿರುವ ರೀತಿ, ಎಲೆಯ ಹಿಂಭಾಗ, ಇಡೀ ಗಿಡದ ಆಕಾರ ಇರುವುದಿಲ್ಲ. "ಇನ್ನೊಂದು ಫೋಟೋ ಇದೆಯಾ?" ಅಂತ ಗುರುತಿಸುವವರು ಕೇಳುವಷ್ಟರಲ್ಲಿ ಹಾಕಿದವರು ಅಲ್ಲಿಂದ ಎಷ್ಟೋ ದೂರ ಬಂದಿರುತ್ತಾರೆ. ಅಪ್‌ಲೋಡ್ ಮಾಡುವ ಪರದೆಯಲ್ಲೇ "ಅಣಬೆಯಾ? ಅಡಿಭಾಗದ ಫೋಟೋ ಇದ್ದರೆ ಸೇರಿಸಿ" ಅಂತ ಒಂದು ಸಾಲು ಬಂದರೆ ಸಾಕು. ಮೊದಲ ಸಲ ತಪ್ಪಿದರೂ ಮುಂದಿನ ಅಣಬೆ ಕಂಡಾಗ ಅವರು ಬಗ್ಗಿ ನೋಡುತ್ತಾರೆ. ಇಷ್ಟು ಸಣ್ಣ ಬದಲಾವಣೆಗೆ ದೊಡ್ಡ ಬಜೆಟ್ ಏನೂ ಬೇಡ.

ಇನ್ನೊಂದು ಮಾತು. ಬಿಟ್ಟು ಹೋದವರನ್ನೂ ಕೇಳಿ. ಈಗ ಇರುವವರಿಗೆ ತೊಡಕುಗಳು ಅಭ್ಯಾಸವಾಗಿಬಿಟ್ಟಿರುತ್ತವೆ.

ಪ್ರಶ್ನೆ: ಫೋಟೋ ಹಾಕಿದ ತಕ್ಷಣ ಕಂಪ್ಯೂಟರೇ ಹೆಸರು ಸೂಚಿಸುತ್ತದೆ. ನಮ್ಮ ಗುಂಪಿನಲ್ಲಿ ಅರ್ಧ ಜನ ಇದು ವರ ಅಂತಾರೆ, ಇನ್ನರ್ಧ ಜನ ತೆಗೆದುಹಾಕಿ ಅಂತಾರೆ. ನೀವೇನು ಹೇಳುತ್ತೀರಿ?

ಉತ್ತರ: ತೆಗೆಯಬೇಡಿ. ನಿಮ್ಮದರಂಥದ್ದೇ ದೊಡ್ಡ ಜಾಗತಿಕ ಸಮುದಾಯವಾದ ಐನ್ಯಾಚುರಲಿಸ್ಟ್ 2017ರಲ್ಲಿ ಈ ಸೌಲಭ್ಯ ತಂದಿತು. "ಇದೊಂದು ಹುಳ" ಅಂತಷ್ಟೇ ಬರೆಯುತ್ತಿದ್ದ ಹೊಸಬರು ಈಗ ಕುಟುಂಬದ ತನಕವಾದರೂ ತಲುಪುತ್ತಾರೆ, ಸರಿಯಾದ ತಜ್ಞರ ಕಣ್ಣಿಗೆ ಬೇಗ ಬೀಳುತ್ತಾರೆ. ಅದು ಕಡಿಮೆ ಉಪಕಾರವಲ್ಲ.

ತೊಂದರೆ ಇರುವುದು ಎರಡನೇ ಹೆಜ್ಜೆಯಲ್ಲಿ. ಐನ್ಯಾಚುರಲಿಸ್ಟ್‌ನಲ್ಲಿ ಒಂದು ವೀಕ್ಷಣೆ, ಅಂದರೆ ಹಾಕಿದ ಒಂದು ದಾಖಲೆ, "ರಿಸರ್ಚ್ ಗ್ರೇಡ್" (ಸಂಶೋಧನೆಗೆ ಬಳಸಬಹುದಾದ ಮಟ್ಟ) ಆಗಬೇಕಾದರೆ ದಿನಾಂಕ, ಜಾಗ, ಫೋಟೋ ಅಥವಾ ಧ್ವನಿ ಇರಬೇಕು. ಜೀವಿ ಸಾಕಿದ್ದೋ ನೆಟ್ಟಿದ್ದೋ ಆಗಿರಬಾರದು. ಜೊತೆಗೆ ಕನಿಷ್ಠ ಇಬ್ಬರು ಹೆಸರು ಹೇಳಿರಬೇಕು, ಹೇಳಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಜನ ಒಪ್ಪಿರಬೇಕು. ನಿಯಮ ಒಳ್ಳೆಯದೇ. ಆದರೆ ಹಾಕಿದವರು ಕಂಪ್ಯೂಟರ್ ಹೇಳಿದ್ದನ್ನು ಸುಮ್ನೆ ಒತ್ತಿ, ಅವರ ಸ್ನೇಹಿತರು ಪ್ರೀತಿಯಿಂದ "ಒಪ್ಪಿದೆ" ಒತ್ತಿದರೆ ಇಬ್ಬರಾದ ಹಾಗಾಯಿತು. ನಿಜವಾಗಿ ನೋಡಿದವರು ಮಾತ್ರ ಯಾರೂ ಇಲ್ಲ.

ಪ್ಲೈನ್ ಟೈಗರ್ ಚಿಟ್ಟೆಯನ್ನೇ ತಗೊಳ್ಳಿ. ಕಿತ್ತಳೆ ಮೈ, ರೆಕ್ಕೆಯ ತುದಿಯಲ್ಲಿ ಕಪ್ಪು, ಅದರ ಮೇಲೆ ಬಿಳಿ ಮಚ್ಚೆ. ಇದರ ಮೈಯಲ್ಲಿ ವಿಷ ಇರುವುದರಿಂದ ಹಕ್ಕಿಗಳು ಮುಟ್ಟುವುದಿಲ್ಲ. ಡಾನೈಡ್ ಎಗ್‌ಫ್ಲೈ ಅನ್ನೋ ಬೇರೆಯೇ ಚಿಟ್ಟೆಯ ಹೆಣ್ಣು ಇದರ ವೇಷ ಹಾಕಿಕೊಂಡು ಬದುಕುತ್ತದೆ. ಗಂಡು ನೋಡಿದರೆ ಕಪ್ಪು, ರೆಕ್ಕೆಯಲ್ಲಿ ದೊಡ್ಡ ಬಿಳಿ ಮಚ್ಚೆಗಳು, ಹೆಣ್ಣಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಹೆಣ್ಣನ್ನು ಪ್ಲೈನ್ ಟೈಗರ್‌ನಿಂದ ಬೇರೆ ಮಾಡಬೇಕಾದರೆ ಹಿಂದಿನ ರೆಕ್ಕೆ ನೋಡಬೇಕು. ಪ್ಲೈನ್ ಟೈಗರ್‌ಗೆ ರೆಕ್ಕೆಯ ನಡುವೆ ಮೂರೋ ನಾಲ್ಕೋ ಕಪ್ಪು ಚುಕ್ಕೆಗಳು. ಎಗ್‌ಫ್ಲೈ ಹೆಣ್ಣಿಗೆ ಮುಂದಿನ ಅಂಚಿನ ಹತ್ತಿರ ಒಂದೇ ಒಂದು. ಹಕ್ಕಿಗೇ ಮೋಸ ಮಾಡುವ ವೇಷಕ್ಕೆ ಹೊಸಬರು ಬೀಳುವುದರಲ್ಲಿ ಆಶ್ಚರ್ಯ ಏನಿದೆ?

ಆದ್ದರಿಂದ ಸುಧಾರಣೆ ಇಲ್ಲಿ ಬೇಕು. ಹೆಸರು ಸೂಚಿಸುವಾಗಲೇ "ಇದನ್ನು ಹೋಲುವ ಇನ್ನೊಂದಿದೆ, ಹಿಂದಿನ ರೆಕ್ಕೆಯ ಚುಕ್ಕೆ ನೋಡಿ" ಅಂತ ಎರಡು ಫೋಟೋ ಪಕ್ಕಪಕ್ಕ ತೋರಿಸಿ. ಯಾವ ಯಾವ ಜೋಡಿಗಳಲ್ಲಿ ಜನ ಪದೇ ಪದೇ ಎಡವುತ್ತಾರೆ ಅನ್ನೋದು ನಿಮ್ಮ ದಾಖಲೆಯಲ್ಲೇ ಸಿಗುತ್ತದೆ, ಒಂದು ಹೆಸರಿನಿಂದ ಇನ್ನೊಂದಕ್ಕೆ ತಿದ್ದಿದ್ದನ್ನು ಎಣಿಸಿದರಾಯಿತು. ಖಾತ್ರಿ ಇಲ್ಲದಾಗ ಪ್ರಭೇದ ಬಿಟ್ಟು ಜೀನಸ್ (ಹತ್ತಿರದ ಪ್ರಭೇದಗಳ ಗುಂಪು) ಮಟ್ಟದ ಹೆಸರನ್ನು ಮೇಲೆ ಇಡಿ. ಹಕ್ಕಿ ನೋಡುವವರು ತಮ್ಮ ಪಟ್ಟಿ ಹಾಕುವ ಇಬರ್ಡ್‌ನಲ್ಲಿ ಆ ಪ್ರದೇಶಕ್ಕೆ, ಆ ಕಾಲಕ್ಕೆ ಅಪರೂಪವಾದ ಹಕ್ಕಿಯನ್ನು ಬರೆದರೆ ಅಲ್ಲೇ ವಿವರ ಕೇಳುತ್ತದೆ, ಆಮೇಲೆ ಸ್ವಯಂಸೇವಕ ಪರಿಶೀಲಕರು ನೋಡುತ್ತಾರೆ. ಆ ಕ್ರಮವನ್ನೂ ಗಮನಿಸಿ.

ಪ್ರಶ್ನೆ: ನೆಟ್ಟ ಗಿಡ, ಸಾಕುಪ್ರಾಣಿಗಳ ಫೋಟೋಗಳೇ ತುಂಬಿಕೊಳ್ಳುತ್ತಿವೆ. ನಿಷೇಧಿಸಬಹುದಾ?

ಉತ್ತರ: ನಿಷೇಧ ಬೇಡ. ಮೊದಲ ದಿನ ಕೈಗೆ ಸಿಗುವುದು ಕುಂಡದ ಗಿಡವೇ. "ಇದು ನೆಟ್ಟಿದ್ದಾ, ತಾನಾಗಿ ಬೆಳೆದದ್ದಾ?" ಅಂತ ಹಾಕುವಾಗಲೇ ಕೇಳಿ, ನೆಟ್ಟದ್ದನ್ನು ಗುರುತಿಸುವವರ ಸಾಲಿನಿಂದ ಬೇರೆ ಇಡಿ.

ಪ್ರಶ್ನೆ: ಅಪರೂಪದ ಜೀವಿಗಳ ಜಾಗ ತೋರಿಸಬೇಕೋ ಬೇಡವೋ ಅಂತ ಜಗಳವೇ ಆಗಿದೆ. ಸಂಶೋಧಕರಿಗೆ ನಿಖರ ಜಾಗ ಬೇಕು. ಕಳ್ಳಬೇಟೆಯ ಭಯವೂ ಇದೆ.

ಉತ್ತರ: ಇಬ್ಬರ ಮಾತೂ ಸರಿ, ಆದರೆ ತೂಕ ಒಂದೇ ಅಲ್ಲ. ಮಾಹಿತಿ ತಡವಾಗಿ ಸಿಕ್ಕರೆ ಸಂಶೋಧನೆ ತಡವಾಗುತ್ತದೆ. ಆರ್ಕಿಡ್ ಕಿತ್ತುಕೊಂಡು ಹೋದರೆ, ಆಮೆಯನ್ನು ಹಿಡಿದು ಮಾರಿದರೆ ಅದು ವಾಪಸ್ ಬರುವುದಿಲ್ಲ. ಹಾಗಾಗಿ ಅಪಾಯದಲ್ಲಿರುವ ಪ್ರಭೇದಗಳ ಜಾಗ ತಾನಾಗಿಯೇ ಮರೆಯಾಗಬೇಕು, ಹಾಕಿದವರ ನೆನಪಿನ ಮೇಲೆ ಅದನ್ನು ಬಿಡಬಾರದು. ಐನ್ಯಾಚುರಲಿಸ್ಟ್ ಹೀಗೆ ಮಾಡುತ್ತದೆ: ಅಕ್ಷಾಂಶ ರೇಖಾಂಶಗಳಲ್ಲಿ 0.2 ಡಿಗ್ರಿಯ ಒಂದು ಚೌಕದೊಳಗೆ ಎಲ್ಲೋ ಒಂದು ಚುಕ್ಕೆ ತೋರಿಸುತ್ತದೆ. ಸಮಭಾಜಕದ ಹತ್ತಿರ ಆ ಚೌಕದ ಒಂದು ಬದಿ ಸುಮಾರು 22 ಕಿಲೋಮೀಟರ್. ನಿಜವಾದ ಜಾಗ ದಾಖಲೆಯಲ್ಲಿ ಉಳಿದಿರುತ್ತದೆ, ಹಾಕಿದವರು ನಂಬಿಕೆಯವರಿಗೆ ಕೊಡಬಹುದು.

ಆದರೆ ಚುಕ್ಕೆ ಮರೆಮಾಡಿದರೆ ಮುಗಿಯಲಿಲ್ಲ. ಅದೇ ವ್ಯಕ್ತಿ ಅದೇ ದಿನ ಹತ್ತು ನಿಮಿಷ ಮೊದಲು ಹಾಕಿದ ಚಿಟ್ಟೆಯ ಜಾಗ, ಹತ್ತು ನಿಮಿಷ ಆಮೇಲೆ ಹಾಕಿದ ಜೇಡದ ಜಾಗ ತೆರೆದೇ ಇದ್ದರೆ ನಡುವಿನ ಆರ್ಕಿಡ್ ಎಲ್ಲಿತ್ತು ಅಂತ ಊಹಿಸುವುದು ಕಷ್ಟವೇ? ಅದಕ್ಕೇ ಅಲ್ಲಿ ಜಾಗ ಮರೆಮಾಡಿದ ವೀಕ್ಷಣೆಯ ತಾರೀಕನ್ನೂ ಬೇರೆಯವರಿಗೆ ಪೂರ್ತಿ ತೋರಿಸುವುದಿಲ್ಲ, ತಿಂಗಳು ಮಾತ್ರ ಕಾಣುತ್ತದೆ. ನಿಮ್ಮ ಯೋಜನೆಯಲ್ಲಿ ಇದನ್ನು ಖಂಡಿತ ಸೇರಿಸಿ. ಫೋಟೋ ಫೈಲಿನೊಳಗೆ ಕ್ಯಾಮೆರಾ ಬರೆದಿಟ್ಟ ಜಿಪಿಎಸ್ ಮಾಹಿತಿ, ಹಿನ್ನೆಲೆಯಲ್ಲಿ ಕಾಣುವ ಬೋರ್ಡು, "ಕೆರೆಯ ದಡದ ಎರಡನೇ ಬಂಡೆ ಹತ್ತಿರ" ಅಂತ ಖುಷಿಯಲ್ಲಿ ಬರೆದ ವಿವರಣೆ, ಎಲ್ಲವೂ ಜಾಗ ಬಿಟ್ಟುಕೊಡುತ್ತವೆ. ಇನ್ನು ಸದಸ್ಯರ ಮನೆಯ ವಿಚಾರವೂ ಇದೆ. ದಿನವೂ ತಮ್ಮ ಹಿತ್ತಲಿನ ಹುಳಗಳ ಫೋಟೋ ಹಾಕುವವರು ತಿಳಿಯದೇ ತಮ್ಮ ಮನೆಯ ವಿಳಾಸವನ್ನೇ ಜಗತ್ತಿಗೆ ಹೇಳುತ್ತಿರುತ್ತಾರೆ. "ಈ ಜಾಗದ ಸುತ್ತಮುತ್ತ ಹಾಕಿದ್ದೆಲ್ಲ ಮರೆಯಲ್ಲಿರಲಿ" ಅಂತ ಒಮ್ಮೆ ಹೇಳಿದರೆ ಸಾಕಾಗುವಂಥ ವ್ಯವಸ್ಥೆ ಕೊಡಿ.

ಪ್ರಶ್ನೆ: ಪಾಯಿಂಟ್ಸ್, ಬ್ಯಾಡ್ಜ್, ಸ್ಪರ್ಧೆ ಇಟ್ಟರೆ ಜನ ಜಾಸ್ತಿ ಬರುತ್ತಾರಲ್ವಾ?

ಉತ್ತರ: ಬರುತ್ತಾರೆ. ನಗರದ ಜೀವಿಗಳ ಫೋಟೋ ಹಾಕುವ ಸಿಟಿ ನೇಚರ್ ಚಾಲೆಂಜ್ 2016ರಲ್ಲಿ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ಸ್ಪರ್ಧೆಯಾಗಿ ಶುರುವಾಯಿತು, ಈಗ ಜಗತ್ತಿನ ನೂರಾರು ನಗರಗಳು ಸೇರುತ್ತವೆ. ಅಲ್ಲಿಂದ ಕಲಿಯಬೇಕಾದ ಒಂದು ಸಂಗತಿ ಇದೆ. ಫೋಟೋ ತೆಗೆಯಲು ಕೆಲವು ದಿನ ಕೊಟ್ಟ ಮೇಲೆ, ಬಂದದ್ದನ್ನು ಹಾಕಿ ಹೆಸರು ಹೇಳುವುದಕ್ಕೆ ಅಂತಲೇ ಬೇರೆ ದಿನಗಳನ್ನು ಇಟ್ಟಿದ್ದಾರೆ. ಕಾರ್ಯಕ್ರಮ ಮಾಡುವ ಅನೇಕರು ಇದನ್ನು ಮರೆಯುತ್ತಾರೆ. ಫೋಟೋಗಳು ಒಮ್ಮೆಲೇ ಬಂದು ಬೀಳುತ್ತವೆ, ತಿಂಗಳುಗಟ್ಟಲೆ ಹಾಗೇ ಕೂರುತ್ತವೆ, ಹೊಸದಾಗಿ ಬಂದವರು "ಯಾರೂ ನೋಡಲಿಲ್ಲ" ಅಂತ ಬೇಸರಪಟ್ಟುಕೊಂಡು ಹೋಗುತ್ತಾರೆ.

ಅತಿ ಹೆಚ್ಚು ಫೋಟೋ ಹಾಕಿದವರಿಗೆ ಬಹುಮಾನ ಇಡಬೇಡಿ. ಒಂದೇ ಮರದ ಹತ್ತು ಫೋಟೋ ಹತ್ತು ವೀಕ್ಷಣೆಯಾಗಿ ಬರುತ್ತದೆ. ಗುರುತಿಸುವುದಕ್ಕೂ ಎಣಿಕೆಯ ಬಹುಮಾನ ಬೇಡ, ಅದು "ಒಪ್ಪಿದೆ" ಬಟನ್ ಒತ್ತುವ ಓಟವಾಗುತ್ತದೆ. ಬಹುಮಾನ ಕೊಡಲೇಬೇಕು ಅಂತಿದ್ದರೆ, ಬೇರೆಯವರಿಗೆ ಕಲಿಸುವಂಥ ವಿವರಣೆ ಬರೆದವರಿಗೆ ಕೊಡಿ. ಯಾರೂ ಮುಟ್ಟದ ಗುಂಪುಗಳ ಮೇಲೆ, ಪಾಚಿ, ಕಲ್ಲುಹೂ, ಸಣ್ಣ ನೊಣಗಳ ಮೇಲೆ ಕೂತು ಕೆಲಸ ಮಾಡಿದವರಿಗೆ ಕೊಡಿ.

ಪ್ರಶ್ನೆ: ನಾನು ಹೇಳಿದ ಹೆಸರನ್ನು ಒಬ್ಬರು "ತಪ್ಪು" ಅಂತ ಒಂದೇ ಪದದಲ್ಲಿ ತಿದ್ದಿದರು. ಮತ್ತೆ ಏನೂ ಹಾಕಲು ಮನಸ್ಸಾಗಲಿಲ್ಲ. ಇದಕ್ಕೂ ಏನಾದರೂ ಯೋಜನೆ ಇರಬೇಡವೇ?

ಉತ್ತರ: ಖಂಡಿತ ಇರಬೇಕು, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆ ಕಡೆ ಇರುವವರನ್ನೂ ಸ್ವಲ್ಪ ನೋಡಿ: ಒಂದು ಸಂಜೆ ಕೂತು ನೂರಾರು ಫೋಟೋ ನೋಡುವವರಿಗೆ ಪ್ರತಿಯೊಂದಕ್ಕೂ ಪ್ಯಾರಾ ಬರೆಯಲು ಆಗುವುದಿಲ್ಲ. ಒಂಟಿ ಪದ ಬರುವುದು ಹೆಚ್ಚಾಗಿ ಸುಸ್ತಿನಿಂದ. ಹಾಗಾಗಿ ಸಭ್ಯತೆಯ ನಿಯಮ ಬರೆದು ಅಂಟಿಸಿದರೆ ಸಾಲದು, ಸಭ್ಯವಾಗಿರುವುದನ್ನು ಸುಲಭ ಮಾಡಿಕೊಡಬೇಕು. ಪದೇ ಪದೇ ಬೇಕಾಗುವ ವಿವರಣೆಗಳನ್ನು ಮೊದಲೇ ಬರೆದಿಟ್ಟು ಒಂದೇ ಒತ್ತಿಗೆ ಸೇರಿಸುವ ಹಾಗಿರಲಿ. "ಇದು ಜೇನುನೊಣದ ಹಾಗೆ ಕಂಡರೂ ಹೋವರ್‌ಫ್ಲೈ ಅನ್ನೋ ನೊಣ. ಒಂದೇ ಜೊತೆ ರೆಕ್ಕೆ ನೋಡಿ, ಜೇನಿಗೆ ಎರಡು ಜೊತೆ. ಮೀಸೆ ತುಂಬಾ ಗಿಡ್ಡ, ಕಣ್ಣು ದೊಡ್ಡದು." ಇಷ್ಟು ಓದಿದವರಿಗೆ ಬೇಸರ ಎಲ್ಲಿಂದ ಬರಬೇಕು? ಮುಂದಿನ ಸಲ ಅವರೇ ಇನ್ನೊಬ್ಬರಿಗೆ ಹೇಳುತ್ತಾರೆ. ಹೆಸರು ಹೇಳುವವರು ತಯಾರಾಗುವುದೇ ಹೀಗೆ. ನೀವೂ ಮತ್ತೆ ಹಾಕಿ, "ಯಾಕೆ ಅಂತ ಒಂದು ಸಾಲು ತಿಳಿಸುತ್ತೀರಾ?" ಅಂತ ಕೇಳಿ. ಹೆಚ್ಚಿನವರು ಸಂತೋಷದಿಂದ ಹೇಳುತ್ತಾರೆ.

ಪ್ರಶ್ನೆ: ನಾವು ಹಾಕಿದ್ದು ವಿಜ್ಞಾನಕ್ಕೆ ನಿಜವಾಗಿ ಉಪಯೋಗವಾಗುತ್ತದಾ? ನಮ್ಮ ನಕ್ಷೆ ನೋಡಿ ಯಾವ ಜೀವಿ ಕಡಿಮೆಯಾಗುತ್ತಿದೆ ಅಂತ ಹೇಳಬಹುದಾ?

ಉತ್ತರ: ಮೊದಲನೆಯದಕ್ಕೆ ಹೌದು, ದಾರಿ ತೆರೆದಿದ್ದರೆ. 2001ರಲ್ಲಿ ಶುರುವಾದ ಜಿಬಿಐಎಫ್ ಜಗತ್ತಿನ ಜೀವಿ ದಾಖಲೆಗಳನ್ನು ಎಲ್ಲರಿಗೂ ಉಚಿತವಾಗಿ ಸಿಗುವ ಹಾಗೆ ಒಂದೆಡೆ ತರುವ ಜಾಲ, ಅದರ ಕಚೇರಿ ಕೋಪನ್‌ಹೇಗನ್‌ನಲ್ಲಿದೆ. ಐನ್ಯಾಚುರಲಿಸ್ಟ್‌ನ ರಿಸರ್ಚ್ ಗ್ರೇಡ್ ದಾಖಲೆಗಳು ಅಲ್ಲಿಗೆ ಹೋಗುತ್ತವೆ, ಆದರೆ ಹಾಕಿದವರು ಮುಕ್ತ ಲೈಸೆನ್ಸ್ ಕೊಟ್ಟಿದ್ದರೆ ಮಾತ್ರ. "ಎಲ್ಲ ಹಕ್ಕು ನನ್ನದೇ" ಅಂತ ಇಟ್ಟುಕೊಂಡರೆ ಆ ದಾಖಲೆ ಅಲ್ಲಿಗೆ ಹೋಗುವುದಿಲ್ಲ. ಎಷ್ಟೋ ಜನಕ್ಕೆ ಈ ಆಯ್ಕೆ ಇದೆ ಅಂತಲೇ ಗೊತ್ತಿಲ್ಲ. ಸೆಟ್ಟಿಂಗ್ಸ್‌ನ ಮೂಲೆಯಲ್ಲಿ ಬಚ್ಚಿಡುವ ಬದಲು ಖಾತೆ ತೆರೆಯುವಾಗಲೇ ಸರಳ ಮಾತಿನಲ್ಲಿ ವಿವರಿಸಿ, ಆಯ್ಕೆ ಅವರಿಗೇ ಬಿಡಿ.

ಎರಡನೆಯದಕ್ಕೆ ಅವಸರ ಬೇಡ. ನಕ್ಷೆಯಲ್ಲಿ ಚುಕ್ಕೆ ಕಡಿಮೆಯಾಗಿದೆ ಅಂದರೆ ಚಿಟ್ಟೆ ಕಡಿಮೆಯಾಗಿರಬಹುದು, ಚಿಟ್ಟೆ ನೋಡುವವರು ಆ ಕಡೆ ಹೋಗದೇ ಇದ್ದಿರಬಹುದು. ಮಾಮೂಲಿ ಹಕ್ಕಿಯ ಫೋಟೋ ತೆಗೆಯಲು ಬೇಜಾರಾಗಿ ಬಿಟ್ಟಿರಲೂಬಹುದು. 2002ರಿಂದ ನಡೆಯುತ್ತಿರುವ ಇಬರ್ಡ್ ಇದಕ್ಕೆ ಒಂದು ದಾರಿ ಮಾಡಿಕೊಂಡಿದೆ. ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ನಡೆದಿರಿ, ಎಷ್ಟು ಜನ ಇದ್ದಿರಿ ಅಂತ ಕೇಳುತ್ತದೆ. ಕೊನೆಗೆ, ಗುರುತಿಸಲು ಆದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ ಅಂತಲೂ ಕೇಳುತ್ತದೆ. ಹೌದು ಅಂದರೆ ಆ ಪಟ್ಟಿಯಲ್ಲಿ ಇಲ್ಲದ ಹಕ್ಕಿಯೂ ಒಂದು ಮಾಹಿತಿಯೇ ಆಗುತ್ತದೆ. "ನೋಡಲಿಲ್ಲ" ಅನ್ನುವುದಕ್ಕೂ ಬೆಲೆ ಬರುತ್ತದೆ.

ನಿಮ್ಮ ಸಮುದಾಯದಲ್ಲೂ ಇಂಥದ್ದೊಂದು ಸಣ್ಣ ಪ್ರಯತ್ನ ಶುರು ಮಾಡಬಹುದು. ಎಲ್ಲರಿಗೂ ಕಡ್ಡಾಯ ಬೇಡ, ಬಿಡಿ ಫೋಟೋ ಹಾಕುವ ಖುಷಿ ಹಾಗೇ ಇರಲಿ. ಇಷ್ಟ ಇದ್ದವರು ಒಂದೇ ದಾರಿಯಲ್ಲಿ, ಅಷ್ಟೇ ಹೊತ್ತು, ತಿಂಗಳಿಗೊಮ್ಮೆ ನಡೆದು, ತಮಗೆ ಚೆನ್ನಾಗಿ ಗೊತ್ತಿರುವ ಒಂದು ಗುಂಪನ್ನು ಮಾತ್ರ, ಚಿಟ್ಟೆಯೋ ಏರೋಪ್ಲೇನ್ ಚಿಟ್ಟೆಯೋ, ಪೂರ್ತಿ ಬರೆಯಲಿ. ಎರಡು ಮೂರು ವರ್ಷ ಬಿಡದೇ ನಡೆದರೆ ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಲು ಏನಾದರೂ ಆಧಾರ ಸಿಗುತ್ತದೆ.

ಪ್ರಶ್ನೆ: ಯೋಜನೆ ಸಿದ್ಧವಾದ ಮೇಲೆ ಸದಸ್ಯರಿಗೆ ಎಷ್ಟು ಹೇಳಬೇಕು?

ಉತ್ತರ: ಎಲ್ಲವನ್ನೂ ಹೇಳಿ. ಈ ವರ್ಷ ಏನು ಮಾಡುತ್ತೀರಿ, ಯಾವುದನ್ನು ಮಾಡುವುದಿಲ್ಲ, ಯಾಕೆ ಮಾಡುವುದಿಲ್ಲ. ಮೂರನೆಯದನ್ನು ಜನ ಬಿಟ್ಟುಬಿಡುತ್ತಾರೆ, ಸಿಟ್ಟು ಹುಟ್ಟುವುದು ಅಲ್ಲೇ. ಪರದೆಯಲ್ಲಿ ಏನಾದರೂ ಬದಲಿಸುವ ಮೊದಲು ದಿನವೂ ಗುರುತಿಸುವ ಕೆಲಸ ಮಾಡುವ ಕೆಲವರ ಕೈಗೆ ಕೊಟ್ಟು ಪರೀಕ್ಷಿಸಿ. ಅವರಿಗೆ ಒಂದು ಕ್ಲಿಕ್ ಜಾಸ್ತಿಯಾದರೆ ದಿನಕ್ಕೆ ನೂರಾರು ಕ್ಲಿಕ್ ಜಾಸ್ತಿಯಾಗುತ್ತದೆ. ಹಾಗೇ ಯಾವತ್ತೂ ಇಂಥದ್ದನ್ನು ಬಳಸದ ಒಬ್ಬರ ಕೈಗೂ ಫೋನ್ ಕೊಟ್ಟು, ನೀವು ಬಾಯಿ ಹಾಕದೇ ಪಕ್ಕದಲ್ಲಿ ಕೂತು ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಅದನ್ನು ಬರೆದುಕೊಳ್ಳಿ. ನಿಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಸೇರಿಸಿ.