ಮಳೆ ಬಂದರೆ ಬಾಡಿಗೆ ಮನೆಯ ಕರೆಂಟ್ ಟ್ರಿಪ್ ಆಗುತ್ತದೆ, ರಿಪೇರಿ ಯಾರ ಹೊಣೆ?

ಮಳೆ ಜೋರಾದಾಗೆಲ್ಲ ಇಎಲ್‌ಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳುತ್ತದೆ, ಓನರ್ ಊರಲ್ಲಿಲ್ಲ, ಅದನ್ನು ಬೈಪಾಸ್ ಮಾಡಿಸಲಾ, ಸ್ವಂತ ದುಡ್ಡಿನಲ್ಲಿ ರಿಪೇರಿ ಮಾಡಿಸಲಾ, ಮನೆ ಬದಲಿಸಲಾ ಎಂದು ಕೇಳಿದ್ದೀರಿ. ಬೈಪಾಸ್ ಮಾತ್ರ ಬೇಡ. ನಾನು ಮಾಡಿಸಿದ್ದೆ.

ಮಂಗಳೂರಿನ ಬಿಜೈಯಲ್ಲಿ ಹಳೆಯ ಮನೆ. ಕೆಂಪು ಕಲ್ಲಿನ ಗೋಡೆ, ಮೇಲೆ ತಾರಸಿ, ಪಕ್ಕದ ಹಲಸಿನ ಮರದ ಎಲೆಯೆಲ್ಲ ಅಲ್ಲಿಗೇ. ಓನರ್ ಮುಂಬೈಯಲ್ಲಿದ್ದರು. ಜೂನ್ ಕಳೆಯುವಷ್ಟರಲ್ಲಿ ಬಾತ್‌ರೂಮಿನ ಗೋಡೆ ಒದ್ದೆಯಾಯಿತು. ರಾತ್ರಿ ಮಳೆ ಹಿಡಿದರೆ ಕರೆಂಟ್ ಹೋಗುವುದು, ಎದ್ದು ಹೋಗಿ ಸ್ವಿಚ್ ಎತ್ತುವುದು, ಮತ್ತೆ ಬೀಳುವುದು. ಫೋನ್ ಮಾಡಿದೆ. "ಮಳೆ ಬಿಡಲಿ, ನೋಡುವ" ಎಂದರು. ನಮ್ಮ ಕಡೆ ಮಳೆ ಬಿಡುವುದೆಂದರೆ ಸೆಪ್ಟೆಂಬರ್ ಆಗಬೇಕು. ಫ್ರಿಜ್‌ನಲ್ಲಿದ್ದ ಮೀನು ಹಾಳು, ನಿದ್ದೆ ಇಲ್ಲ, ದಿನಾ ಮಂಡೆಬೆಚ್ಚ. ಕೊನೆಗೆ ಪರಿಚಯದ ಹುಡುಗನೊಬ್ಬನನ್ನು ಕರೆಸಿ, ಇಎಲ್‌ಸಿಬಿ ತಪ್ಪಿಸಿ ನೇರ ಲೈನ್ ಕೊಡಿಸಿದೆ.

ನಾನು ಎಲ್ಲಿ ಎಡವಿದೆ ಎಂದು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. "ಎಂಸಿಬಿ ಉಂಟಲ್ವಾ, ಸಾಕು" ಎಂದುಕೊಂಡಿದ್ದೆ. ಬೋರ್ಡಿನಲ್ಲಿ ಎಂಸಿಬಿ ಎಂಬ ಸ್ವಿಚ್ ಇರುವುದು ವೈರ್ ಸುಡದ ಹಾಗೆ ನೋಡಿಕೊಳ್ಳಲಿಕ್ಕೆ. ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಬೀಳುತ್ತದೆ. ಮನುಷ್ಯನ ಜೀವ ತೆಗೆಯುವಷ್ಟು ಕರೆಂಟ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಇಎಲ್‌ಸಿಬಿ ಹಾಗಲ್ಲ. ಒಳಗೆ ಹೋದಷ್ಟೇ ಕರೆಂಟ್ ವಾಪಸ್ ಬರುತ್ತಿದೆಯಾ ಎಂದು ನೋಡುತ್ತಿರುತ್ತದೆ. ಮನೆಗಳಿಗೆ ಸಾಮಾನ್ಯವಾಗಿ ಹಾಕುವುದು 30 ಮಿಲಿ ಆಂಪಿಯರಿನದು. ಅಷ್ಟು ಸಣ್ಣ ಕರೆಂಟ್ ಬೇರೆ ದಾರಿ ಹಿಡಿದರೂ ಲೈನ್ ಕಡಿಯುತ್ತದೆ. ಕೆಂಪು ಕಲ್ಲು ನೀರು ಕುಡಿಯುತ್ತದೆ. ಗೋಡೆಯೊಳಗಿನ ಪೈಪಿಗೆ ನೀರಿಳಿದು, ವೈರಿನ ಹಳೆಯ ಜಾಯಿಂಟಿಗೆ ತಾಗಿ, ಕರೆಂಟ್ ಗೋಡೆಗೆ ಹರಿಯುತ್ತಿತ್ತು. ಹಾಳಾಗಿದ್ದು ಗೋಡೆ ಮತ್ತು ವೈರು. ಇಎಲ್‌ಸಿಬಿ ತನ್ನ ಕೆಲಸ ಮಾಡುತ್ತಿತ್ತು. ನಾನು ತೆಗೆಸಿದ್ದು ಅದನ್ನೇ.

ಅಮ್ಮ ವಾಷಿಂಗ್ ಮೆಷಿನ್‌ನಿಂದ ಬಟ್ಟೆ ತೆಗೆಯುವಾಗ ಶಾಕ್ ಹೊಡೆಯಿತು. ಹಿಂದಕ್ಕೆ ಬಿದ್ದು ಮಣಿಕಟ್ಟು ಮುರಿಯಿತು. ಜೀವ ಉಳಿಯಿತು. ಆ ಮನೆಗೆ ಅರ್ಥಿಂಗೂ ಸರಿ ಇರಲಿಲ್ಲ ಎಂದು ಆಮೇಲೆ ಬಂದ ಎಲೆಕ್ಟ್ರಿಷಿಯನ್ ತೋರಿಸಿದರು. ಮನೆ ಬಿಡುವಾಗ ಓನರ್ ಅಡ್ವಾನ್ಸ್‌ನಲ್ಲಿ ದೊಡ್ಡ ಮೊತ್ತ ಹಿಡಿದುಕೊಂಡರು. "ಬೋರ್ಡಿಗೆ ಕೈ ಹಾಕಿದ್ದು ನೀವಲ್ವಾ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿವರೆಗೆ ತಪ್ಪು ಅವರದಿತ್ತು, ಬೈಪಾಸ್ ಮಾಡಿಸಿದ ದಿನದಿಂದ ನನ್ನದಾಯಿತು.

ಹಾಗಾಗಿ "ರಿಪೇರಿ ಓನರ್‌ದಾ, ನಂದಾ" ಎಂಬಲ್ಲಿಂದ ಶುರು ಮಾಡಬೇಡಿ. ದುಡ್ಡಿನ ಮಾತು ಆಮೇಲೆ. ಮನೆಯೊಳಗೆ ಇರುವವರು ನಾವು, ಮೊದಲು ಕಣ್ಣಿಗೆ ಬೀಳುವುದೂ ನಮಗೇ. ಕಂಡದ್ದನ್ನು ಬರೆದು ತಿಳಿಸುವುದು, ಸರಿಯಾಗುವವರೆಗೆ ಅಪಾಯ ತಡೆಯುವುದು ನಮ್ಮದೇ ಹೊಣೆ. ನಾನು ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರಲಿಲ್ಲ. ನೀವು ಒದ್ದೆ ಗೋಡೆಯ ಫೋಟೋ ಇವತ್ತೇ ವಾಟ್ಸಾಪ್ ಮಾಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಅಗ್ರಿಮೆಂಟಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಓನರ್ ಮಾಡಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ತಕ್ಕ ಸಮಯದಲ್ಲಿ ಮಾಡದಿದ್ದರೆ ನಾವೇ ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದು. ಬಿಲ್ ಇಟ್ಟುಕೊಳ್ಳಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯೂ ವೈರಿಂಗನ್ನು ಓನರ್ ಪಾಲಿಗೆ, ನಲ್ಲಿ, ಸ್ವಿಚ್, ಗೀಸರ್, ಚರಂಡಿ ಕ್ಲೀನಿಂಗನ್ನು ನಮ್ಮ ಪಾಲಿಗೆ ಹಾಕುತ್ತದೆ. ಅದು ರಾಜ್ಯಗಳಿಗೆ ಮಾದರಿ ಅಷ್ಟೇ. ಆದರೂ ಅಗ್ರಿಮೆಂಟ್ ಬರೆಯುವಾಗ ಆ ಪಟ್ಟಿ ಎದುರಿಗಿದ್ದರೆ ಜಗಳ ಕಡಿಮೆ.

ಈಗ ಮಾಡಬೇಕಾದ್ದು. ಕೈ ಒಣಗಿರಲಿ, ಕಾಲಿಗೆ ಚಪ್ಪಲಿ ಇರಲಿ. ಎಂಸಿಬಿ ಎಲ್ಲವನ್ನೂ ಕೆಳಗೆ ಮಾಡಿ, ಇಎಲ್‌ಸಿಬಿ ಎತ್ತಿ, ಆಮೇಲೆ ಒಂದೊಂದೇ ಎಂಸಿಬಿ ಎತ್ತುತ್ತಾ ಬನ್ನಿ. ಯಾವುದನ್ನು ಎತ್ತಿದಾಗ ಬೀಳುತ್ತದೋ ಅದನ್ನು ಆಫ್ ಇಟ್ಟು ಉಳಿದದ್ದರಲ್ಲಿ ದಿನ ದೂಡಿ. ಎಲ್ಲವೂ ಕೆಳಗಿದ್ದಾಗಲೂ ಬಿದ್ದರೆ ಮುಟ್ಟಲು ಹೋಗಬೇಡಿ. ಎರಡೂ ಸಂದರ್ಭದಲ್ಲಿ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬೇಕೇ ಬೇಕು.

ತಾರಸಿಗೂ ಹತ್ತಿ ನೋಡಿ. ನಮ್ಮ ಗೋಡೆ ಒದ್ದೆಯಾಗಲು ಶುರುವಾದದ್ದು ನೀರು ಹೋಗುವ ಪೈಪಿಗೆ ಹಲಸಿನ ಎಲೆ ಕಟ್ಟಿ. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆಯ ಕೆಲಸ, ಓನರನ್ನು ಕಾಯುವಂಥದ್ದಲ್ಲ. ಟ್ಯಾಂಕಿನ ಮುಚ್ಚಳವೂ ಹಾಗೆಯೇ. ಮಲೇರಿಯಾ ಹರಡುವ ಸೊಳ್ಳೆ ಟ್ಯಾಂಕಿನ ಶುದ್ಧ ನೀರಿನಲ್ಲೇ ಮೊಟ್ಟೆ ಇಡುತ್ತದೆ, ಮಂಗಳೂರಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಗ್ಯಾಸ್ ಪೈಪ್ 5 ವರ್ಷಕ್ಕೊಮ್ಮೆ ಬದಲಿಸಿ. ತೆಂಗಿನ ಮಡಲು ಲೈನ್ ಮೇಲೆ ಬಿದ್ದರೆ ಕೋಲು ಹಾಕಿ ಎಳೆಯಬೇಡಿ, ಮೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಮನೆ ಬದಲಿಸುವುದಾದರೆ ಮಳೆಗಾಲದಲ್ಲೇ ಹುಡುಕಿ. ಏಪ್ರಿಲ್‌ನಲ್ಲಿ ಹೊಸ ಪೇಂಟ್ ಹೊಡೆದ ಗೋಡೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಅಡ್ವಾನ್ಸ್ ಕೊಡುವ ಮೊದಲು ಓನರ್ ಎದುರಿಗೇ ಇಎಲ್‌ಸಿಬಿಯ ಟೆಸ್ಟ್ ಬಟನ್ ಒತ್ತಿ. ಕರೆಂಟ್ ಹೋಗಬೇಕು. ಹೋಗದಿದ್ದರೆ ಅದನ್ನು ಸರಿ ಮಾಡಿಸಿಕೊಡುವವರೆಗೆ ದುಡ್ಡು ಕೊಡಬೇಡಿ.