ಬಣ್ಣದ ಪದ ಬಿಡಿ, ಗೇಟಿನ ನಂಬರ್ ಬರೆಯಿರಿ

ಪ್ರಶ್ನೆ: ಸರ್, ಟಿ.ಬಿ. (ತುಂಗಭದ್ರಾ) ಡ್ಯಾಂ ಗೇಟು ಕೊಚ್ಚಿಹೋದದ್ದರ ಬಗ್ಗೆ ಲೇಖನ ಬರೆದು ಜೊತೆಗಿಟ್ಟಿದ್ದೇನೆ. ಗೆಳೆಯರು ಎರಡು ಪ್ಯಾರಾ ಓದಿ ಕೈಬಿಟ್ಟರು. ಭಾಷೆಗೆ ಇನ್ನಷ್ಟು ಬಣ್ಣ ಬೇಕಾ? ಒಳ್ಳೆಯ ವಿಶೇಷಣಗಳ ಪಟ್ಟಿ ಕೊಡಿ. (ಗಂಗಾವತಿಯಿಂದ)

ಪಟ್ಟಿ ಕೊಡುವುದಿಲ್ಲ. ನನಗೆ ಬರುವ ಪತ್ರಗಳಲ್ಲಿ ಜಾಸ್ತಿ ಇದೇ ಬೇಡಿಕೆ. ‘ಓದುಗರನ್ನು ಮೋಡಿ ಮಾಡುವ ನೂರು ಪದಗಳು’ ಅಂತ ಪಿಡಿಎಫ್ ಮಾರುವವರು ಹಚ್ಚಿದ ರೋಗ ಇದು. ದುಡ್ಡು ಕೊಟ್ಟಿದ್ದರೆ ಹೋಯಿತು ಅಂದುಕೊಳ್ಳಿ.

ನಿಮ್ಮ ಮೊದಲ ವಾಕ್ಯ ನೋಡಿ: “ಆ ಕರಾಳ ರಾತ್ರಿಯಲ್ಲಿ ರೌದ್ರಾವತಾರ ತಾಳಿದ ತುಂಗಭದ್ರೆ ಭೋರ್ಗರೆಯುತ್ತಾ ರುದ್ರನರ್ತನ ಮಾಡಿದಳು.” ಇದರಲ್ಲಿ ಡ್ಯಾಂ ಎಲ್ಲಿದೆ? ಗೇಟು ಎಲ್ಲಿದೆ? ಯಾವ ಊರಿನ ಯಾವ ಹೊಳೆಗೆ ಬೇಕಾದರೂ ಇದನ್ನು ಅಂಟಿಸಬಹುದು. ಅದೂ ಅಲ್ಲದೆ, ತುಂಗಭದ್ರೆ ಆವತ್ತು ಯಾವ ಅವತಾರವನ್ನೂ ತಾಳಿರಲಿಲ್ಲ. ತುಂಡಾಗಿದ್ದು ಚೈನು. ತಪ್ಪು ಕಬ್ಬಿಣದ್ದು, ಬೈಗುಳ ಹೊಳೆಗೆ!

ಹೀಗೆ ಬರೆದು ನೋಡಿ: “2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಯಿತು. ಗೇಟು ಕೊಚ್ಚಿಹೋಯಿತು. ಡ್ಯಾಂ ತುಂಬಿತ್ತು.” ಒಂದೂ ಬಣ್ಣದ ಪದ ಇಲ್ಲ. ಆದರೂ ಕೊನೆಯ ವಾಕ್ಯಕ್ಕೆ ಎದೆ ಧಸಕ್ ಅನ್ನುತ್ತದೆ. ಎಡದಂಡೆ ಕಾಲುವೆ ನಂಬಿ ಭತ್ತ ಹಾಕುವ ಗಂಗಾವತಿ, ಸಿಂಧನೂರಿನವರಿಗೆ ತುಂಬಿದ ಡ್ಯಾಂ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾ?

ಇದು ಓದುಗರನ್ನು ನಿಲ್ಲಿಸುತ್ತದೆ ಅಷ್ಟೇ. ಕೂರಿಸುವುದು ಬೇರೆ ಕೆಲಸ. ಮುಂದೇನಾಯಿತು ಅನ್ನುವ ಚಡಪಡಿಕೆ ಹುಟ್ಟಬೇಕು. ಅದನ್ನು ಹುಟ್ಟಿಸುವ ಸಾಲು ನಿಮ್ಮಲ್ಲೇ ಇದೆ, ನಾಲ್ಕನೇ ಪುಟದ ಮೂಲೆಯಲ್ಲಿ: “ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಲಾಯಿತು.” ಒಟ್ಟು 33 ಗೇಟು. ಬೆಳೆಗೆಂದು ಕೂಡಿಟ್ಟ ನೀರನ್ನು ಕೈಯಾರೆ ಹೊಳೆಗೆ ಬಿಡಬೇಕಾಯಿತು. ಬಿಟ್ಟರೆ ಬೆಳೆಯ ಚಿಂತೆ, ಬಿಡದಿದ್ದರೆ ಡ್ಯಾಮಿನ ಚಿಂತೆ. ಇಷ್ಟು ದೊಡ್ಡ ಇಕ್ಕಟ್ಟನ್ನು ಸುಮ್ನೆ ಮೂಲೆಗೆ ತಳ್ಳಿದ್ದೀರಲ್ಲ! ಎರಡನೇ ಪ್ಯಾರಾಕ್ಕೆ ತನ್ನಿ.

ಆಮೇಲೆ ಅವಸರ ಮಾಡಬೇಡಿ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಬದಲು ಗಂಡಿಗೆ ಅಡ್ಡ ಇಳಿಸುವ ಉಕ್ಕಿನ ತಡೆ) ತುಂಡುಗಳನ್ನು ಒಂದರ ಮೇಲೊಂದು ಇಳಿಸಿದ್ದನ್ನು ನಿಧಾನವಾಗಿ ಬರೆಯಿರಿ. ಗೇಟು ತಜ್ಞ ಕನ್ನಯ್ಯ ನಾಯ್ಡು ಅಲ್ಲಿ ಬರಲಿ. ಅವರನ್ನು ‘ಭಗೀರಥ’ ಅನ್ನಬೇಡಿ, ಏನು ಮಾಡಿದರು ಅಂತ ಹೇಳಿ. ವಾರದೊಳಗೆ ಗಂಡಿ ಮುಚ್ಚಿತು, ಮತ್ತೆ ಒಳಹರಿವು ಬಂದು ಡ್ಯಾಂ ತುಂಬಿಕೊಂಡಿತು ಅನ್ನುವುದನ್ನು ಕೊನೆಗಿಡಿ. ಎಲ್ಲರಿಗೂ ಗೊತ್ತಿರುವ ಕಥೆ ಅಂತೀರಾ? ಗೊತ್ತಿದ್ದರೂ ಓದುತ್ತಾರೆ. ನಮ್ಮೂರಲ್ಲಿ ಬಯಲಾಟಕ್ಕೆ ಬೆಳತನಕ ಕೂರುವವರಿಗೆ ಕಥೆ ಗೊತ್ತಿರುವುದಿಲ್ವಾ?

‘ಧೋ’, ‘ದಬದಬ’ದಂಥ ಸದ್ದಿನ ಪದ ಇಡೀ ಲೇಖನಕ್ಕೆ ಒಂದು ಸಾಕು. ಆ ರಾತ್ರಿ ನೀವು ಡ್ಯಾಮಿನ ಹತ್ತಿರ ಇರಲಿಲ್ಲವಾದರೆ ಅದೂ ಬೇಡ. ಡ್ಯಾಮಿನ ಪಕ್ಕದ ಮುನಿರಾಬಾದಿಗೆ ಹೋಗಿ, ಕೇಳಿಸಿಕೊಂಡವರನ್ನು ಮಾತಾಡಿಸಿ, ಅವರ ಬಾಯಲ್ಲೇ ಹೇಳಿಸಿ. ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿನೇ ಕಟ್ಟುನಿಟ್ಟು.

ಪ್ರಶ್ನೆ: ಲೇಖನದ ಶುರುವಿಗೆ ಗಾದೆ ಹಾಕಬಹುದಾ? (ಮಾನ್ವಿ)

ಬೇಡ.

ಪ್ರಶ್ನೆ: ಬಳ್ಳಾರಿ ಬಿಸಿಲಿಗೆ ಯಾರೂ ಬಳಸದ ಉಪಮೆ ಹೇಳಿ. (ಬಳ್ಳಾರಿ)

ಮಧ್ಯಾಹ್ನ ಎಷ್ಟು ಗಂಟೆಗೆ ಯಾವ ಬೀದಿ ಖಾಲಿಯಾಗುತ್ತದೆ ಅಂತ ನೋಡಿ ಬನ್ನಿ. ಅದನ್ನೇ ಬರೆಯಿರಿ.

ಪ್ರಶ್ನೆ: ನಮ್ಮ ಕಡೆ ಮಾತಿನಲ್ಲಿ ಬರೆದರೆ ಬೆಂಗಳೂರಿನವರಿಗೆ ತಿಳಿಯುತ್ತದಾ? (ಲಿಂಗಸುಗೂರು)

ಮಾತಾಡಿದವರು ಹೇಗೆ ಮಾತಾಡಿದರೋ ಹಾಗೇ ಬರೆಯಿರಿ. ತಿಳಿಯದವರು ಕೇಳಿ ತಿಳಿದುಕೊಳ್ಳುತ್ತಾರೆ.

ಪ್ರಶ್ನೆ: ನನ್ನ ಕವಿತೆ ಓದಿ ಅಭಿಪ್ರಾಯ ತಿಳಿಸಿ. (ಹಲವರು)

ಇದು ಪ್ರಶ್ನೆಯಲ್ಲ.