ಅಮ್ಮನ ಒಂಟಿತನದ ಹೊಣೆ ಮಗನೊಬ್ಬನದೇ?

ಪ್ರಶ್ನೆ: ನನಗೆ 33 ವರ್ಷ, ಒಬ್ಬನೇ ಮಗ. ಅಪ್ಪ ಅಮ್ಮನ ನಡುವೆ ಮೊದಲಿನಿಂದಲೂ ಮಾತು ಕಡಿಮೆ. ಅಮ್ಮ ತಮ್ಮ ಕಷ್ಟಸುಖವನ್ನೆಲ್ಲ ನನ್ನಲ್ಲಿಯೇ ಹೇಳಿಕೊಂಡವರು. ಈಗ ನಾನು ಹೆಂಡತಿಯೊಂದಿಗೆ ಹೊರಗೆ ಹೊರಟರೆ ಊಟ ಬಿಡುತ್ತಾರೆ. ನನ್ನ ಸಂಬಳವೂ ಅವರ ಕೈಯಲ್ಲೇ ಇದೆ. ಹೆಂಡತಿ ಬೇರೆ ಮನೆ ಮಾಡೋಣ ಎನ್ನುತ್ತಾಳೆ. ಅಮ್ಮನ ಮನಸ್ಸು ನೋಯದಂತೆ ಏನು ಮಾಡಲಿ?
— ಹೆಸರು ಬೇಡ

ಉತ್ತರ: ಅವರಿಗೆ ಸ್ವಲ್ಪವೂ ನೋವಾಗದಂತೆ ಇದನ್ನು ಸರಿಪಡಿಸುವುದು ಸಾಧ್ಯವಿಲ್ಲ, ಆದರೆ ಆ ನೋವು ನೀವು ಅವರಿಗೆ ಮಾಡುವ ಅನ್ಯಾಯವೂ ಅಲ್ಲ.

ಗಂಡನ ಮನೆಗೆ ಬಂದ ಹೆಣ್ಣಿಗೆ ಗಂಡುಮಗು ಹುಟ್ಟಿದ ಮೇಲಷ್ಟೇ ಅಲ್ಲಿ ನೆಲೆ ಸಿಗುವುದನ್ನೂ, ಗಂಡನಿಂದ ದೊರೆಯದ ಆಪ್ತತೆಯನ್ನು ಅವಳು ಮಗನಲ್ಲಿ ಕಂಡುಕೊಳ್ಳುವುದನ್ನೂ ಮನೋವಿಶ್ಲೇಷಕ ಸುಧೀರ್ ಕಕ್ಕರ್ 1978ರಲ್ಲೇ ವಿವರಿಸಿದ್ದರು. ಸೊಸೆಯಾಗಿ ಸಹಿಸಿದ್ದಕ್ಕೆ ಅತ್ತೆಯಾದಾಗ ಸಿಗುವ ಅಧಿಕಾರವೇ ಪ್ರತಿಫಲವಾಗಿರುವ ಇಂಥ ಕುಟುಂಬಗಳಲ್ಲಿ, ಮಗ ಹೆಂಡತಿಗೆ ಹತ್ತಿರವಾಗುವುದೇ ತಾಯಿಗೆ ಆತಂಕ ಹುಟ್ಟಿಸುತ್ತದೆ. ಆದ್ದರಿಂದ ನಿಮ್ಮ ತಾಯಿ ಕೆಟ್ಟವರೆಂದು ನಾನು ಹೇಳಲಾರೆ. ಆದರೆ ಗಂಡ ಹೆಂಡಿರ ನಡುವೆ ನಡೆಯಬೇಕಿದ್ದ ಮಾತುಗಳನ್ನು ಹೊರುವ ಕೆಲಸ ಚಿಕ್ಕ ಹುಡುಗನ ಪಾಲಿಗೆ ಬಂದಿತಲ್ಲ, ಅದು ನಿಮಗೂ ಅನ್ಯಾಯವೇ, ಮತ್ತು ಇಂದು ಅದರ ಬೆಲೆಯನ್ನು ನಿಮ್ಮ ಹೆಂಡತಿ ತೆರುತ್ತಿದ್ದಾರೆ.

ಅಮ್ಮನೊಂದಿಗೆ ನೀವೇ ಮಾತನಾಡಬೇಕು, ಅದೂ 'ಅವಳು ಹೀಗೆ ಹೇಳುತ್ತಾಳೆ' ಎನ್ನದೆ, 'ಇದು ನನ್ನ ತೀರ್ಮಾನ' ಎಂದು. ಸಂಬಳದ ಲೆಕ್ಕವನ್ನು ನೀವೂ ನಿಮ್ಮ ಹೆಂಡತಿಯೂ ನೋಡಿಕೊಳ್ಳಿ. ಅಮ್ಮನ ಖರ್ಚಿಗೆ ಪ್ರತಿ ತಿಂಗಳೂ ಒಂದು ಮೊತ್ತ ಅವರ ಸ್ವಂತ ಖಾತೆಗೇ ಹೋಗಲಿ. ಅವರು ಊಟ ಬಿಟ್ಟ ದಿನ ಹೊರಟದ್ದನ್ನು ನಿಲ್ಲಿಸಿದರೆ, ಊಟ ಬಿಟ್ಟರೆ ಮಗ ಉಳಿಯುತ್ತಾನೆಂಬುದೇ ಅವರಿಗೆ ಖಾತ್ರಿಯಾಗುತ್ತದೆ. ಹೇಳಿದ ಹೊತ್ತಿಗೆ ಹೋಗಿ, ಹೇಳಿದ ಹೊತ್ತಿಗೆ ಬನ್ನಿ, ಬಂದು ಅವರ ಬಳಿ ಕುಳಿತುಕೊಳ್ಳಿ. ಅಪ್ಪನ ಮೇಲಿನ ದೂರು ಬಂದಾಗ ಮಾತ್ರ, ಅದನ್ನು ಅಪ್ಪನಿಗೇ ಹೇಳಿ ಎಂದು ಮೃದುವಾಗಿ ತಿಳಿಸಿ.

ಬೇರೆ ಮನೆಯ ವಿಷಯದಲ್ಲಿ ಬಂಧುಗಳು 2016ರ ಸುಪ್ರೀಂ ಕೋರ್ಟ್ ತೀರ್ಪನ್ನು ನಿಮ್ಮ ಮುಂದಿಡಬಹುದು. ಗಂಡನನ್ನು ತಂದೆತಾಯಿಯಿಂದ ದೂರ ಮಾಡಲು ಹೆಂಡತಿ ಬಲವಾದ ಕಾರಣವಿಲ್ಲದೆ ಪಟ್ಟುಹಿಡಿಯುವುದು ಕ್ರೌರ್ಯ ಎಂದು ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ನ್ಯಾಯಾಲಯ ಹೇಳಿತ್ತು. ನಿಮ್ಮ ಮನೆಯಲ್ಲಿ ಕಾರಣವಿದೆ. ಹತ್ತಿರದಲ್ಲೇ ಮನೆ ಮಾಡುವುದು ತಪ್ಪಲ್ಲ, ಆದರೆ ಮೇಲಿನ ಮಾತುಕತೆ ನಡೆಯದೆ ಮನೆ ಮಾತ್ರ ಬದಲಾದರೆ ಇದೇ ಜಗಳ ಫೋನಿನಲ್ಲಿ ಮುಂದುವರಿಯುತ್ತದೆ.

ಅಮ್ಮ ದಿನಗಟ್ಟಲೆ ಉಣ್ಣದಿದ್ದರೆ ಅಥವಾ ಸಾಯುವ ಮಾತನಾಡಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.